ಉಪ್ಪಿನ ಚೀಲ ಹೊತ್ತ ಕಾರು

ಕಾರಿನೊಳಗೆ ನೀರು ಸೋರುತ್ತದೆ ಎಂದು ನಾನು ಹೇಳಿದಾಗ ನನ್ನ ಗಂಡ ನಕ್ಕ. ಮನೆಯೇ ಸೋರುತ್ತದೆ, ಕಾರು ಸೋರಿದರೆ ಏನು ಎಂದ. ಮನೆಯದು ಮಣ್ಣಿನ ನೆಲ. ಎರಡು ಬಿಸಿಲಿಗೆ ಒಣಗುತ್ತದೆ, ಸಗಣಿ ಹಾಕಿ ಸಾರಿಸಿದರೆ ಮತ್ತೆ ನೆಲವಾಗುತ್ತದೆ. ಕಾರಿನದು ತಗಡು. ತಗಡು ಹೋದರೆ ಹೋಯಿತು.

ಆ ಕಾರು ನಮಗೆ ಬಂದದ್ದು ಅರಳೆ ವ್ಯಾಪಾರದ ಒಬ್ಬ ಸಾಹುಕಾರರಿಂದ. ನನ್ನ ಗಂಡ ಅವರಲ್ಲಿ ಡ್ರೈವರ್ ಆಗಿದ್ದ. ಅವರು ಹೊಸ ಕಾರು ತಂದರು, ಹಳೆಯದನ್ನು ಇವನಿಗೆ ಬಿಟ್ಟುಕೊಟ್ಟರು. ಇವನು ಕೆಲಸ ಬಿಟ್ಟು ಬಾಡಿಗೆ ಓಡಿಸಲು ನಿಂತ. ಐವತ್ತರ ದಶಕ ಮುಗಿದು ಅರವತ್ತು ಹಿಡಿದಿದ್ದ ಕಾಲ. ಹರಿಹರದಲ್ಲಿ ಕಾರ್ಖಾನೆ ಬೆಳೆಯುತ್ತಿತ್ತು. ರೈಲು ತಪ್ಪಿಸಿಕೊಂಡ ಆಫೀಸಿನವರು, ಮದುವೆಯ ಬೀಗರು, ಆಸ್ಪತ್ರೆಗೆ ಹೊರಟ ರೋಗಿಗಳು ಬಾಡಿಗೆಗೆ ಸಿಗುತ್ತಿದ್ದರು. ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ, ಗಾಣದ ಎತ್ತು ಸುತ್ತಿದ ಹಾಗೆ. ನಾವಿದ್ದದ್ದು ದಾವಣಗೆರೆಯಲ್ಲಿ, ಈಗ ವಿನೋಬನಗರ ಎನ್ನುವ ಕಡೆ. ಎರಡು ಕೋಣೆ, ಮುಂದೆ ಒಂದು ಬೇವಿನ ಮರ. ಕಾರು ಆ ಮರದ ಕೆಳಗೆ ನಿಲ್ಲುತ್ತಿತ್ತು. ಮಳೆಯಲ್ಲೂ ಅಲ್ಲೇ.

ಮುಂದಿನ ಗಾಜಿನ ಸುತ್ತ ಇದ್ದ ರಬ್ಬರು ಬಿಸಿಲಿಗೆ ಸೀಳಿತ್ತು. ಮಳೆ ಹೊಡೆದರೆ ನೀರು ಅಲ್ಲಿಂದ ಒಳಗಿಳಿದು, ಡ್ರೈವರ್ ಕಾಲಿನ ಹತ್ತಿರ ಬಂದು, ಹರಿದು ಹೋಗಿ ಹಿಂದಿನ ಸೀಟಿನ ಮುಂದಿನ ತಗ್ಗಿನಲ್ಲಿ ನಿಲ್ಲುತ್ತಿತ್ತು. ಬಾಗಿಲ ಸಂದಿಯಿಂದಲೂ ಬರುತ್ತಿತ್ತು. ಬರುವುದಕ್ಕೆ ಹತ್ತು ದಾರಿ, ಹೋಗುವುದಕ್ಕೆ ಒಂದೂ ಇಲ್ಲ. ಮಳೆ ನಿಂತ ಮೇಲೆ ನಾನು ತೆಂಗಿನ ಚಿಪ್ಪಿನಿಂದ ಗೋರಿ ಹೊರಗೆ ಚೆಲ್ಲುತ್ತಿದ್ದೆ. ಎದುರು ಮನೆಯವಳಿಗೆ ಅದೇ ತಮಾಷೆ.

"ಏನವ್ವಾ, ಕಾರಿನಾಗ ಬಾವಿ ತೋಡ್ಸೀಯೇನು?"

"ಹೂಂ, ತೋಡ್ಸೀನಿ. ಹಗ್ಗ ಬಿಂದಿಗಿ ತಗಂಡು ಬಾ," ಎನ್ನುತ್ತಿದ್ದೆ.

ನನ್ನ ಗಂಡನಿಗೆ ಆಮೇಲೆ ಒಂದು ಉಪಾಯ ಹೊಳೆಯಿತು. ದಾವಣಗೆರೆಯವರಿಗೆ ಯಾವುದಕ್ಕಾದರೂ ಹೊಳೆಯುವುದು ಹತ್ತಿಯೊಂದೇ. ಮಿಲ್ಲುಗಳ ಊರು. ಮಿಲ್ಲಿನ ಹಿಂದೆ ಹತ್ತಿಯ ಕಸ ರಾಶಿ ಬಿದ್ದಿರುತ್ತಿತ್ತು. ತಲೆದಿಂಬಿಗೆ ಅದು, ದೀಪದ ಬತ್ತಿಗೆ ಅದು, ಹೆಂಚಿನ ಸಂದಿಗೆ ಅದು, ಕಿವಿ ಸೋರಿದರೆ ಕಿವಿಗೂ ಅದು. ಇವನು ಎರಡು ಗೋಣಿ ತುಂಬಿಸಿಕೊಂಡು ಬಂದ. ಸೀಳಿದ ರಬ್ಬರಿನ ಕಡೆ ತುರುಕಿದ, ಬಾಗಿಲ ಸಂದಿಗೆ ತುರುಕಿದ, ಉಳಿದದ್ದನ್ನು ಕಾರಿನ ನೆಲದ ಮೇಲೆ ಹಾಸಿಗೆಯಷ್ಟು ದಪ್ಪಗೆ ಹಾಸಿ ಮೇಲೆ ನಾರಿನ ಚಾಪೆ ಎಳೆದ.

"ನೀರು ಬರ್ಲಿ ಬಿಡು. ಹತ್ತಿ ಕುಡಿತೈತೆ," ಎಂದ.

ಕುಡಿಯಿತು. ಕುಡಿದದ್ದನ್ನು ಬಿಡಲಿಲ್ಲ, ಅಷ್ಟೆ. ಮೇಲಿಂದ ಕೈಯಾಡಿಸಿದರೆ ಚಾಪೆ ಒಣಗಿರುತ್ತಿತ್ತು. ಕೂತವರ ಕಾಲು ಒದ್ದೆಯಾಗುತ್ತಿರಲಿಲ್ಲ, ಗಿರಾಕಿಗಳ ತಕರಾರು ನಿಂತಿತು. ಅವನು ಮೀಸೆ ತಿರುವಿದ. ಮೊದಲು ಎಂಟು ದಿನಕ್ಕೊಮ್ಮೆ ಹತ್ತಿ ತೆಗೆದು ಒಣಗಿಸುತ್ತಿದ್ದ. ಆಮೇಲೆ ಅದೂ ಬಿಟ್ಟ.

ಅದರ ಮೇಲೆ ಉಪ್ಪು ಬಂತು.

ನನ್ನ ತಂಗಿಯನ್ನು ಹರಿಹರಕ್ಕೆ ಕೊಟ್ಟಿದ್ದೆವು. ಅವಳ ಅತ್ತೆಯದು ಮಂಡಕ್ಕಿ ಭಟ್ಟಿ. ಗಂಡ ಸತ್ತ ಮೇಲೆ ಒಬ್ಬಳೇ ಭಟ್ಟಿ ನಡೆಸಿಕೊಂಡು ಬಂದ ಹೆಂಗಸು, ಗಟ್ಟಿ. ಅಕ್ಕಿಯನ್ನು ಉಪ್ಪುನೀರಿನಲ್ಲಿ ಕಲಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಅರಳಿ ಮಂಡಕ್ಕಿ ಆಗುತ್ತದೆ. ಉಪ್ಪು ಚೀಲಗಟ್ಟಲೆ ಬೇಕು. ದಾವಣಗೆರೆ ಪೇಟೆಯ ಉಪ್ಪು ಚೆನ್ನಾಗಿರುತ್ತದೆ, ನಿಮ್ಮ ಕಾರು ಹೇಗೂ ಈ ಕಡೆ ಬರುತ್ತದಲ್ಲ ಎಂದು ಆಕೆ ಒಂದು ದಿನ ಅಂದಳು. ಅಂದದ್ದೇ ತಡ, ನನ್ನ ಗಂಡ ಹಿಂದಿನ ಸೀಟಿನ ಮುಂದೆ ಚೀಲ ಹಾಕಿಕೊಂಡು ಹೋಗಲು ಶುರು ಮಾಡಿದ. ಹೆಣ್ಣು ಕೊಟ್ಟ ಮನೆ, ಅವರ ಮಾತು ತೆಗೆದುಹಾಕಬಾರದು ಎನ್ನುವುದು ಅವನ ಲೆಕ್ಕ. ಎರಡು ವರ್ಷ ಹೊತ್ತ.

ಮಳೆಗಾಲದಲ್ಲಿ ಉಪ್ಪು ಬೆವರುತ್ತದೆ. ಆ ಬೆವರು ಗೋಣಿಯಿಂದ ಚಾಪೆಗೆ, ಚಾಪೆಯಿಂದ ಹತ್ತಿಗೆ ಇಳಿಯುತ್ತಿತ್ತು. ಹತ್ತಿ ಅದನ್ನೂ ಕುಡಿಯಿತು. ಉಪ್ಪುನೀರಿಗೆ ಭಟ್ಟಿಯ ಕಬ್ಬಿಣದ ಬಾಂಡ್ಲಿ ತೂತು ಬೀಳುತ್ತದೆ ಎಂಬುದು ತಂಗಿಯ ಅತ್ತೆಗೆ ಗೊತ್ತು, ಆಕೆ ಬಾಂಡ್ಲಿ ಬದಲಿಸುತ್ತಲೇ ಇರುತ್ತಿದ್ದಳು. ನನ್ನ ಗಂಡನಿಗೂ ಗೊತ್ತು. ನಮ್ಮ ಕಡೆ ಅದು ಯಾರಿಗೆ ಗೊತ್ತಿಲ್ಲ? ಆದರೆ ಬಾಂಡ್ಲಿ ಬೇರೆ, ಕಾರು ಬೇರೆ. ಕಾರಿಗೆ ಬಣ್ಣ ಬಳಿದಿರುತ್ತದಲ್ಲ!

ತಂಗಿಗೆ ಎರಡು ಸಲ ಬಸಿರು ಇಳಿದಿತ್ತು. ಎರಡು ಸಲವೂ ಹೊಟ್ಟೆ ಕಾಣುವ ಹೊತ್ತಿಗೆ. ಭಟ್ಟಿಯ ಮುಂದೆ ನಿಂತು ಕಾದ ಮರಳನ್ನು ಜರಡಿ ಹಿಡಿಯುವ ಕೆಲಸ ಅವಳದು. ಬೆಂಕಿಗೆ ಮುಖ ಕೊಟ್ಟು, ಸೊಂಟ ತಿರುಗಿಸಿ ತಿರುಗಿಸಿ ಎತ್ತಿ ಹಾಕಬೇಕು. ಬಸುರಿ ಎಂದು ಯಾರೂ ಬಿಡಿಸಲಿಲ್ಲ. ಅತ್ತೆ ತಾನೂ ಹಾಗೇ ಮಾಡಿ ಹೆತ್ತವಳು, ಅದಕ್ಕೆ ಅವಳಿಗೆ ಅದು ಕಷ್ಟ ಎನಿಸಲೇ ಇಲ್ಲ. ಮೂರನೆಯದು ಐದು ತಿಂಗಳು ದಾಟಿ ನಿಂತಿತು. ಏಳರಲ್ಲಿ ನಾನು ಹಸಿರು ಸೀರೆ, ಕುಬುಸದ ಕಣ, ಐದು ಥರದ ಉಂಡೆ ತಗೊಂಡು ರೈಲಿನಲ್ಲಿ ಹರಿಹರಕ್ಕೆ ಹೋದೆ. ಏಳರಲ್ಲಿ ತವರಿನವರು ಕುಬುಸ ಮಾಡಿ ಬಸುರಿಯನ್ನು ಕರೆತರುವುದು ನಮ್ಮ ಪದ್ಧತಿ. ನಮ್ಮ ಅವ್ವ ಅಪ್ಪ ಇಬ್ಬರೂ ತೀರಿದ್ದರು. ತಂಗಿಗೆ ತವರು ಅಂದರೆ ನನ್ನ ಮನೆ.

ಉಡಿ ತುಂಬಿದ್ದಾಯಿತು. ಕರೆದುಕೊಂಡು ಹೋಗುತ್ತೇನೆ ಎಂದೆ.

ಅತ್ತೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. "ಅಕ್ಕನ ಮನಿ ತವರು ಹೆಂಗಾಕ್ಕೈತೆ?" ಎಂದಳು.

"ಅವ್ವ ಇಲ್ಲದಾಕಿಗೆ ಅಕ್ಕನೇ ತವರು ರೀ. ಇನ್ಯಾರದಾರ?"

"ಆತು, ಕಳಿಸ್ತೀನಿ. ಇವತ್ತು ಬ್ಯಾಡ, ದಿನ ಚಲೋ ಇಲ್ಲ. ಶ್ರಾವಣದ ಕಡೇ ಸ್ವಾಮಾರ ಬರ್ರಿ. ಬಸ್ಸಿನಾಗ ಬ್ಯಾಡ, ರೈಲಿನಾಗ ನೂಕಾಡಾದು ಬ್ಯಾಡ. ಎರಡು ಹೋಗಿ ಮೂರನೇದು, ಊರೆಲ್ಲ ನೋಡ್ತೈತೆ. ನಿಮ್ಮ ಕಾರು ಐತಲ್ಲ, ಕಾರು ತಂದು ಕುಂದ್ರಿಸ್ಕೊಂಡು ಹೋಗ್ರಿ."

"ಆ ಸ್ವಾಮಾರ ತಪ್ಪಿದ್ರೆ?"

"ತಪ್ಪಿದ್ರೆ ಅಮಾಸಿ ಬಂತು, ಎಂಟಕ್ಕ ಬಿತ್ತು. ಎಂಟರಾಗ ಬಸುರಿ ಹೊಸ್ತಿಲ ದಾಟಂಗಿಲ್ಲ. ಒಂಬತ್ತರಾಗ ಯಾರು ಕಳಿಸ್ತಾರೆ? ಇಲ್ಲೇ ಹಡೀತಾಳೆ." ಆಮೇಲೆ ನೆನಪು ಮಾಡಿಕೊಂಡವಳ ಹಾಗೆ, "ಬರೋವಾಗ ಒಂದು ಚೀಲ ಉಪ್ಪು ಹಾಕ್ಕೊಂಡು ಬರ್ರಿ, ತೀರೈತೆ," ಎಂದಳು.

ತಂಗಿ ನನ್ನನ್ನು ಬಾಗಿಲ ತನಕ ಕಳಿಸಲು ಬಂದಳು. ಮುಖ ಬೆಂಕಿಗೆ ಕೆಂಪಾಗಿ ಒಣಗಿತ್ತು. ಅಳುವವಳಲ್ಲ ಅವಳು. "ಯಕ್ಕಾ, ಇಲ್ಲೇ ಇದ್ರೆ ಇದೂ ಉಳಿಯಂಗಿಲ್ಲ. ಸ್ವಾಮಾರ ತಪ್ಪಿಸಬ್ಯಾಡ," ಅಂದಳು. ಅಷ್ಟೇ ಮಾತು.

ಊರಿಗೆ ಬಂದು ಕಾರು ಚೊಕ್ಕ ಮಾಡೋಣ ಎಂದು ಹಿಂದಿನ ಬಾಗಿಲು ತೆಗೆದೆ. ಚಾಪೆ ಎತ್ತಿದೆ. ಹತ್ತಿ ಹತ್ತಿಯಾಗಿ ಉಳಿದಿರಲಿಲ್ಲ. ಕೆಂಪು ರಾಡಿ. ಹಿಡಿದು ಎತ್ತಿದರೆ ಅದರ ಜೊತೆ ತಗಡಿನ ಚೂರು ಹಪ್ಪಳದ ಹಾಗೆ ಎದ್ದು ಬಂದವು. ಎಷ್ಟು ಗಟ್ಟಿ ಇದೆ ನೋಡೋಣ ಎಂದು ಒತ್ತಿದೆ. ಬೆರಳು ಕೆಳಗೆ ಹೋಯಿತು. ಬಗ್ಗಿ ನೋಡಿದರೆ ಆ ತೂತಿನಲ್ಲಿ ಎದುರು ಮನೆಯ ಕೋಳಿ ಕಾಣಿಸಿತು, ಕಾರಿನ ಕೆಳಗೆ ಕೆದರುತ್ತಿತ್ತು.

ಗಂಡನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದ.

"ತಗಡೇ ಹಳೇದು ಇದು," ಅಂದ.

"ಹಳೇದಲ್ಲ. ಉಪ್ಪು ತಿಂದು ಹಾಕೈತೆ. ಯಾರ ಉಪ್ಪು? ಯಾರು ಹೊತ್ತಿದ್ದು?"

"ಹೋಗ್ಲಿ ಬಿಡು, ಈಗ ಅದನ್ನ ಕಟ್ಕಂಡು ಏನು?"

ಪೇಟೆಯಲ್ಲಿ ತಗಡು ಕೆಲಸ ಮಾಡುವ ಸಾಬರೊಬ್ಬರು ಇದ್ದರು, ಡಬ್ಬಿ, ಲಾಟೀನು, ನೀರಿನ ಹಂಡೆ ರಿಪೇರಿಯವರು. ಅವರನ್ನು ಕರೆತಂದೆವು. ಅವರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಎರಡನೇ ಏಟಿಗೆ ಸುತ್ತಿಗೆಯೇ ಕೆಳಗೆ ಬಿತ್ತು.

"ಇದಕ್ಕ ಬೆಸುಗಿ ಟಾಕಾ ಎಲ್ಲಿ ಹಾಕ್ಲಿ ತಾಯಿ?" ಎಂದರು. "ಟಾಕಾ ಹಿಡಿಯಾಕ ಸುತ್ತಮುತ್ತ ಒಳ್ಳೆ ತಗಡು ಬೇಕು. ಇದು ಬಿಲ್ಕುಲ್ ಖರಾಬ್. ಪೂರಾ ನೆಲ ಕಿತ್ತು ಹೊಸದು ಕೂಡಿಸ್ಬೇಕು. ಒಂದು ತಿಂಗಳು ಬಿಡ್ರಿ ನನ್ನ ಹತ್ರ."

"ಸ್ವಾಮಾರ ಹರಿಹರದಾಗ ಇರ್ಬೇಕು. ಬಸುರಿನ ತರಾದೈತೆ," ಎಂದೆ.

ಅವರು ಗಡ್ಡ ಕೆರೆದುಕೊಂಡರು. ಎಣ್ಣೆ ಡಬ್ಬಿಗಳನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಒಂದರ ಮೇಲೊಂದು ಹೊದಿಸಿ, ಅಂಚಿನಲ್ಲಿ ತಗಡು ಗಟ್ಟಿ ಇದ್ದ ಕಡೆ ಮೊಳೆ ಹೊಡೆದು ಕೂಡಿಸಿದರು. ಎಣ್ಣೆ ಕಂಪನಿಯ ಚಿತ್ರ ಮೇಲೆ ಕಾಣುತ್ತಿತ್ತು. ಹೋಗುವಾಗ ನನ್ನ ಗಂಡನಿಗೆ ಹೇಳಿದರು: "ಕಾಲು ಇಟ್ಕಂಡು ಕುಂದ್ರಾಕ ಅಡ್ಡಿ ಇಲ್ಲ. ಭಾರ ಹಾಕಬ್ಯಾಡ್ರಿ. ಗೊತ್ತಾತಾ? ಭಾರ ಬ್ಯಾಡ."

"ಗೊತ್ತಾತು," ಎಂದ ಗಂಡ.

ಸೋಮವಾರ ಬೆಳಿಗ್ಗೆ ನಾನು ತಲೆ ಬಾಚಿಕೊಂಡು ಹೊರಗೆ ಬಂದರೆ ಕಾರಿನಲ್ಲಿ ಉಪ್ಪಿನ ಚೀಲ. ಹೊಸ ತಗಡಿನ ನಟ್ಟನಡುವೆ ಕೂತಿದೆ, ಕಟ್ಟಿದ ಬಾಯಿ ಮೇಲೆ ಮಾಡಿಕೊಂಡು.

"ಇದ್ಯಾಕ?"

"ಬೀಗಿತ್ತಿ ಕೇಳ್ಯಾಳಲ್ಲ."

"ಸಾಬರು ಏನಂದ್ರು?"

"ಹೋಗಾಕ ಒಂದೇ ಸಲ. ಬರೋವಾಗ ಎಲ್ಲೈತೆ ಭಾರ? ಖಾಲಿ ಕೈಯಾಗ ಹೋಗಿ ಆಕಿ ಮುಂದ ಹೆಂಗ ನಿಲ್ಲಾದು?"

"ನೀನು ನನ್ನ ತಂಗಿನ ತರಾಕ ಹೊಂಟೀಯೋ, ಉಪ್ಪು ಇಳಸಾಕ ಹೊಂಟೀಯೋ?"

"ಎರಡಕ್ಕೂ," ಎಂದ. ಒಬ್ಬನೇ ಎತ್ತಿ ಇಟ್ಟಿದ್ದ ಚೀಲ, ನಾನೊಬ್ಬಳೇ ಇಳಿಸಲು ನೋಡಿದೆ, ಆಗಲಿಲ್ಲ. ಸೀಟಿನ ಮೇಲಾದರೂ ಹಾಕು ಎಂದೆ. ಸೀಟಿನ ಬಟ್ಟೆ ಹಾಳಾಗುತ್ತದೆ ಎಂದ. ಬಟ್ಟೆ ಹಾಳಾಗುತ್ತದಂತೆ! ಹೊತ್ತಾಗುತ್ತಿತ್ತು. ಬೈದುಕೊಂಡು ಮುಂದೆ ಹತ್ತಿ ಕೂತೆ.

ಜಿಟಿಜಿಟಿ ಮಳೆ. ಬಾತಿ ಗುಡ್ಡ ದಾಟಿದೆವು. ಆಮೇಲೆ ರಸ್ತೆಯಲ್ಲಿ ಒಂದು ಗುಂಡಿ ಬಂತು. ನೀರು ತುಂಬಿದ್ದರಿಂದ ಎಷ್ಟು ಆಳ ಎಂದು ತಿಳಿಯಲಿಲ್ಲ. ಕಾರು ಇಳಿದು ಎದ್ದಾಗ ಹಿಂದಿನಿಂದ ಬಟ್ಟೆ ಹರಿದ ಹಾಗೆ ಉದ್ದಕ್ಕೆ ಒಂದು ಸದ್ದು. ತಿರುಗಿ ನೋಡಿದೆ. ಚೀಲ ಅರ್ಧ ಮುಳುಗಿತ್ತು. ಡಬ್ಬಿಯ ತಗಡು ಎರಡು ಕಡೆ ಸೀಳಿ ಕೆಳಗೆ ಬಾಗಿ, ಚೀಲದ ಬುಡ ರಸ್ತೆಗೆ ತಾಗಿ ಉಜ್ಜುತ್ತಿತ್ತು. ಗೋಣಿ ಸುಟ್ಟ ವಾಸನೆ.

"ನಿಲ್ಲಸೋ! ನಿಲ್ಲಸು!" ಎಂದು ಕೂಗಿದೆ. ಹುಡುಗರನ್ನು ಗದರಿಸುವ ಹಾಗೆ ಬಂದಿತ್ತು ಬಾಯಿಗೆ. ಅವನು ನಿಲ್ಲಿಸುವ ಹೊತ್ತಿಗೆ ಹಿಂದೆ ಡಾಂಬರಿನ ಮೇಲೆ ಉದ್ದಕ್ಕೆ ಉಪ್ಪು ಸುರಿದಿತ್ತು, ಮಳೆಗೆ ಆಗಲೇ ಕರಗುತ್ತಿತ್ತು.

ಇಬ್ಬರೂ ಸೇರಿ ಚೀಲ ಮೇಲೆಳೆದೆವು. ಅರ್ಧ ಖಾಲಿ. ತೂತು ಒಂದು ಮೊರದಷ್ಟು ಅಗಲ ಆಗಿತ್ತು, ಅಂಚಿನ ತಗಡು ಹಲ್ಲು ಹಲ್ಲಾಗಿ ನಿಂತಿತ್ತು. ಗಂಡ ಮಳೆಯಲ್ಲಿ ನಿಂತು ಅದನ್ನೇ ನೋಡಿದ. ಮುಖ ಸಣ್ಣದಾಗಿತ್ತು.

"ವಾಪಸ್ ಹೋಗಾನ," ಎಂದ. "ಇಂಥಾ ಕಾರು ಆ ಮನಿ ಮುಂದ ನಿಲ್ಲಿಸಿ ಮರ್ಯಾದಿ ಕಳ್ಕಳಾದಾ?"

"ಇವತ್ತು ಬಿಟ್ರೆ ಅಮಾಸಿ."

"ಒಂಬತ್ತರಾಗ ನೋಡಾನ."

"ಒಂಬತ್ತರ ತನಕ ಆ ಭಟ್ಟಿ ಮುಂದ ನಿಲ್ಲಾತ ನೀನಾ? ನಡಿ."

"ತೂತಿನಾಗ ಬಸುರಿನ ಕುಂದ್ರಿಸ್ಕೊಂಡು..."

"ನಾನು ನಡ್ಕಂಡಾದ್ರೂ ಹೋಗ್ತೀನಿ. ನೀನು ಬೇಕಾದ್ರೆ ಇಲ್ಲೇ ಉಪ್ಪು ಆರಿಸ್ಕೋತ ಕುಂದ್ರು," ಎಂದು ನಾನು ಹರಿಹರದ ಕಡೆ ನಡೆಯಲು ಶುರು ಮಾಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಿತು. ಹತ್ತಿದೆ.

ತಂಗಿಯ ಅತ್ತೆ ಕಾರಿನ ಸದ್ದು ಕೇಳಿ ಹೊರಗೆ ಬಂದಳು. ಮೊದಲು ನೋಡಿದ್ದು ಉಪ್ಪನ್ನು. ಗಂಡ ಒದ್ದೆ ಚೀಲ ಇಳಿಸಿದ. ಆಕೆ ಕಾಲಿನಿಂದ ಅದನ್ನು ಒತ್ತಿ ನೋಡಿದಳು.

"ಇದೇನು, ಕುರಿ ಮೇಯ್ದು ಬಿಟ್ಟಂಗ ಐತಲ್ಲ?"

"ದಾರ್ಯಾಗ ಚೆಲ್ತು ರೀ," ಎಂದ ಗಂಡ.

"ಚೆಲ್ತಾ? ಕಾರಿನಾಗ ಹೆಂಗ ಚೆಲ್ತು?" ಎಂದು ಹಿಂದಿನ ಬಾಗಿಲಿಗೆ ಬಂದು ಬಗ್ಗಿದಳು. ಅಲ್ಲಿ ತೂತು, ತೂತಿನ ಕೆಳಗೆ ಅವರ ಅಂಗಳದ ಕೆಸರು. ಆಕೆ ನೆಟ್ಟಗಾದಳು.

"ಏನವ್ವಾ, ನನ್ನ ಸೊಸೀನ ಇದರಾಗ ಕುಂದ್ರಸ್ತೀಯಾ? ಬಸುರಿ ಕಾಲ ಕೆಳಗ ರೋಡು ಓಡಬೇಕಾ? ಇಂಥಾ ಡಬ್ಬಿ ತಗಂಡು ಬಂದು ಬೀಗರ ಮನಿ ಮುಂದ ನಿಲ್ಲಿಸಾಕ ನಾಚ್ಕಿ ಬರಲ್ಲಾ?"

ಅಕ್ಕಪಕ್ಕದ ಮನೆಗಳ ಬಾಗಿಲಲ್ಲಿ ಜನ. ನನ್ನ ಗಂಡ ತಲೆ ತಗ್ಗಿಸಿದ. ತಂಗಿಯ ಗಂಡನೂ ಭಟ್ಟಿಯ ಬಾಗಿಲಲ್ಲಿ ನಿಂತಿದ್ದ. ಅವ್ವನ ಮುಂದೆ ಅವನು ಬಾಯಿ ಬಿಟ್ಟಿದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಡಬ್ಬಿ ಅಂತೀರಲ್ಲ, ಎರಡು ವರ್ಷ ನಿಮ್ಮ ಭಟ್ಟಿ ಉಪ್ಪು ಹೊತ್ತು ಡಬ್ಬಿ ಆಗೈತೆ," ಎಂದೆ. "ಇವತ್ತು ಆ ಚೀಲ ಹಾಕದೆ ಇದ್ರೆ ತಗಡು ನಿಂತಿರ್ತಿತ್ತು. ಕೇಳಿದಾರು ನೀವು, ಹಾಕಿದಾತ ಈತ. ನಡುವ ನನ್ನ ತಂಗಿ ಯಾಕ ಕೆಡಬೇಕು?"

"ನಾನೇನು ಕಾರು ಮುರೀರಿ ಅಂದಿದ್ನಾ? ಆಗಲ್ಲ ಅಂತ ಹೇಳಾಕ ಬಾಯಿ ಇರ್ಲಿಲ್ಲಾ ನಿಮಗ?"

ಬಾಯಿ ಇದ್ದದ್ದು ನನಗೆ, ಹೇಳಬೇಕಾದವನು ನನ್ನ ಗಂಡ. "ಒಂದು ಹಲಗಿ ಕೊಡ್ರಿ, ಅಡ್ಡ ಹಾಕಿ ಕುಂದ್ರಸ್ತೀನಿ," ಎಂದೆ. ಭಟ್ಟಿಯಲ್ಲಿ ಅಕ್ಕಿ ಒಣ ಹಾಕುವ ಹಲಗೆಗಳು ಗೋಡೆಗೆ ಒರಗಿದ್ದವು, ಕಣ್ಣಿಗೆ ಕಾಣುತ್ತಿದ್ದವು.

"ಹಲಗಿ ಇಲ್ಲ. ಸೊಸೀನೂ ಇಲ್ಲ. ಹಡದ ಮ್ಯಾಲೆ ಚಲೋ ಕಾರು ಸಿಕ್ರೆ ಬರ್ರಿ."

ಇಷ್ಟರಲ್ಲಿ ತಂಗಿ ಒಳಗಿಂದ ಬಂದಳು. ಹಸಿರು ಸೀರೆ ಉಟ್ಟಿದ್ದಳು, ಕೈಯಲ್ಲಿ ಬಟ್ಟೆಯ ಗಂಟು. ಅತ್ತೆಯ ಪಕ್ಕದಿಂದಲೇ ಹಾದು ಬಂದು, ಕಾರಿನ ಬಾಗಿಲು ಹಿಡಿದು, ತೂತಿಗೆ ಕಾಲಿಡದೆ ಹೊರಗಿನ ಮೆಟ್ಟಿಲಿನಿಂದ ನೇರ ಸೀಟಿಗೆ ಏರಿದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ಏರಿ, ಎರಡೂ ಕಾಲು ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅತ್ತೀ, ಕಾಲು ಕೆಳಗ ಇಟ್ರೆ ತಾನೆ ತೂತು?" ಎಂದಳು.

ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದೇ ಕೆಟ್ಟದ್ದಾಯಿತು. ಅತ್ತೆಯ ಮುಖ ಕಪ್ಪಿಟ್ಟಿತು. ನಗು ಕೇಳದಿದ್ದರೆ ಬೈದು ಸುಮ್ಮನಾಗುತ್ತಿದ್ದಳೋ ಏನೋ.

"ಹೋಗು. ನನ್ನ ಮಾತು ಮೀರಿ ಹತ್ತೀಯ. ಹಡದ್ರೂ ಅಲ್ಲೇ, ಸತ್ರೂ ಅಲ್ಲೇ. ಈ ಬಾಗಲಿಗೆ ಬರಬ್ಯಾಡ," ಎಂದು ಒಳಗೆ ಹೋದಳು.

ತಂಗಿ ತನ್ನ ಗಂಡನ ಕಡೆ ನೋಡಿದಳು. ಅವನು ಉಪ್ಪಿನ ಚೀಲ ಎತ್ತಿ ಭಟ್ಟಿಯೊಳಗೆ ತಗೊಂಡು ಹೋದ. "ನಡಿ ಮಾವ," ಎಂದಳು ನನ್ನ ಗಂಡನಿಗೆ.

ನಾನು ಅವಳ ಪಕ್ಕ ಕಾಲು ಮೇಲೆ ಮಾಡಿ ಕೂತೆ. ಊರು ದಾಟಿದ ಮೇಲೆ ಮಳೆ ಜೋರಾಯಿತು. ಚಕ್ರ ಎರಚಿದ ಕೆಸರು ತೂತಿನಿಂದ ಮೇಲೆ ಚಿಮ್ಮುತ್ತಿತ್ತು. ಕೆಸರಾದರೆ ತೊಳೆಯಬಹುದು, ಅದಲ್ಲ ಕಷ್ಟ. ಇಂಜಿನ್ನಿನ ಹೊಗೆ ಆ ತೂತಿನಿಂದ ಒಳಗೆ ತುಂಬಿತು. ಕಿಟಕಿ ತೆಗೆದರೆ ಮಳೆ, ಹಾಕಿದರೆ ಹೊಗೆ. ತೆಗೆದೇ ಬಿಟ್ಟೆ. ಗುಂಡಿ ಬಂದಾಗೆಲ್ಲ ನಾನು ಅವಳ ಸೊಂಟ ಹಿಡಿದು ಎತ್ತಿದ ಹಾಗೆ ಮಾಡುತ್ತಿದ್ದೆ, ಅದರಿಂದ ಏನಾದರೂ ಉಪಯೋಗ ಆಯಿತೋ ದೇವರಿಗೇ ಗೊತ್ತು. ಬಾತಿ ಕೆರೆಯ ಹತ್ತಿರ ಅವಳು ಕಿಟಕಿಯಿಂದ ತಲೆ ಹಾಕಿ ವಾಂತಿ ಮಾಡಿದಳು. ಆಮೇಲೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು.

"ಯಕ್ಕಾ, ಕಿಬ್ಬೊಟ್ಟಿ ಹಿಡೀತೈತೆ."

"ಯಾವಾಗಿನಿಂದ?"

"ಹತ್ತಿದಾಗಿಂದ."

ಕಾರು ನಿಲ್ಲಿಸಬೇಕೋ, ಜೋರು ಹೊಡೆಸಬೇಕೋ ತಿಳಿಯಲಿಲ್ಲ. ನಿಲ್ಲಿಸಿದರೆ ಹೊಲದ ನಡುವೆ ಯಾರಿದ್ದಾರೆ? ಜೋರು ಹೋದರೆ ಕುಲುಕು. ನನ್ನ ಗಂಡ ಕನ್ನಡಿಯಲ್ಲಿ ನೋಡುತ್ತಿದ್ದ. ಅವನು ಅಷ್ಟು ಮೆಲ್ಲಗೆ, ಒಂದೊಂದು ಕಲ್ಲನ್ನೂ ತಪ್ಪಿಸಿ ಕಾರು ಹೊಡೆದದ್ದು ಅವತ್ತೇ. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಗಾಡಿಯವನು ತಿರುಗಿ ನೋಡಿದ.

ಮನೆ ಮುಟ್ಟಿ ಇಳಿಸಿದಾಗ ಸ್ವಲ್ಪ ರಕ್ತ ಕಂಡಿತು. ಹಸಿರು ಸೀರೆಯಾದ್ದರಿಂದ ಮೊದಲು ಕೆಸರು ಅಂದುಕೊಂಡೆ. ಓಣಿಯ ಸೂಲಗಿತ್ತಿಯನ್ನು ಕರೆಸಿದೆ. ಆ ಮುದುಕಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು, ನಾವೆಲ್ಲ ಅವಳ ಮುಖ ನೋಡುತ್ತ ನಿಂತೆವು.

"ಕೂಸು ಮಿಸುಕಾಡ್ತೈತೆ," ಎಂದಳು ಕೊನೆಗೆ. "ನಿಲ್ತೈತೆ ಅಂತ ನಾನು ಹೇಳಂಗಿಲ್ಲ, ಹೋಕೈತೆ ಅಂತಾನೂ ಹೇಳಂಗಿಲ್ಲ. ಮಲಗಸ್ರಿ. ಕಾಲಿನ ಕೆಳಗ ದಿಂಬು ಇಡ್ರಿ. ಒಲಿ ಮುಂದ ಬಿಡಬ್ಯಾಡ್ರಿ."

ಆ ಎಂಟನೇ ತಿಂಗಳು ನಾವು ಹೇಗೆ ಕಳೆದೆವು ಎಂದು ಹೇಳುವುದಕ್ಕೆ ಏನೂ ಇಲ್ಲ. ಅವಳು ಮಲಗಿದ್ದಳು. ನಾನು ಬೆಳಿಗ್ಗೆ ಎದ್ದ ಕೂಡಲೇ ಸೀರೆ ನೋಡುತ್ತಿದ್ದೆ. ಒಂದು ದಿನ ಕಲೆ ಇರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಅವಳಿಗೆ ಸಿಟ್ಟು ಬರುತ್ತಿತ್ತು: "ದಿನಾ ಏನು ನೋಡ್ತೀಯೆ? ಹೋದ್ರೆ ನಾನೇ ಹೇಳ್ತೀನಿ!" ನನಗೂ ಸಿಟ್ಟು ಬರುತ್ತಿತ್ತು. ಗಂಡನ ಮೇಲೆ ಬಿಡುತ್ತಿದ್ದೆ. ಅವನು ಕಾರು ತಗೊಂಡು ಹೋಗಿ ಸಾಬರ ಅಂಗಡಿ ಮುಂದೆ ನಿಲ್ಲಿಸಿ ಬಂದು ಒಂದು ಲಾರಿಗೆ ಡ್ರೈವರ್ ಆಗಿ ಸೇರಿದ. ಊರಲ್ಲಿ ಇದ್ದ ದಿನ ಕುಡಿಯುವ ನೀರು ಅವನೇ ಹೊತ್ತು ತರುತ್ತಿದ್ದ.

ದೀಪಾವಳಿ ಇನ್ನೂ ಇದೆ ಎನ್ನುವಾಗ ತಂಗಿ ಹೆತ್ತಳು. ದಿನ ತುಂಬುವ ಮೊದಲೇ. ಹೆಣ್ಣು, ಸಣ್ಣದು, ಬೆಕ್ಕಿನ ಮರಿಯಷ್ಟು, ಆದರೆ ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಹರಿಹರಕ್ಕೆ ಹೇಳಿ ಕಳಿಸಿದೆ. ಯಾರೂ ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಹೇಳಿ ಕಳಿಸಿದೆ. ಆಗಲೂ ಬರಲಿಲ್ಲ. ಅತ್ತೆಯ ಕಡೆಯಿಂದ ಒಬ್ಬಳೂ ಇಲ್ಲದೆ ನಾವೇ ಹೆಸರು ಇಟ್ಟೆವು. ಓಣಿಯ ಹೆಂಗಸರು ಕಡಲೆ ಬೆಲ್ಲ ತಿಂದು, ಹೊರಗೆ ಹೋಗಿ ಮಾತಾಡಿಕೊಂಡರು.

ಚಳಿ ಬಿದ್ದ ಮೇಲೆ ಒಂದು ದಿನ ತಂಗಿಯ ಗಂಡ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ.

"ಕೂಡ್ರಿ," ಎಂದೆ. ಅವನು ಕೂರಲಿಲ್ಲ.

"ಅವ್ವ ಬಾ ಅಂದಾಳೆ," ಎಂದ, ಕೂಸಿನ ಕಡೆ ನೋಡುತ್ತ. "ಬಂದು ಕಾಲಿಗೆ ಬಿದ್ರೆ ಎಲ್ಲಾ ಬಿಡ್ತಾಳಂತೆ. ಭಟ್ಟ್ಯಾಗ ಆಳು ಸಾಲ್ದು."

ತಂಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. "ಕಾಲಿಗೆ ಬೀಳ್ತೀನಿ. ಭಟ್ಟಿ ಮುಂದ ನಿಲ್ಲಂಗಿಲ್ಲ," ಎಂದಳು.

"ಅದು ಹೆಂಗಾಕ್ಕೈತೆ?"

"ಆಗಲ್ಲ ಅಂದ್ರೆ ಬ್ಯಾರೆ ಮನಿ ನೋಡು. ಕಾರ್ಖಾನ್ಯಾಗ ಕೆಲಸ ಕೊಡ್ತಾರಂತೆ, ಊರ ಮಂದಿಯೆಲ್ಲ ಸೇರ್ಕೊಂತಾರೆ. ನಿನಗ ಯಾಕ ಕೈಯಿಲ್ಲಾ?"

"ಅವ್ವಂಗೆ ಕೇಳ್ತೀನಿ."

"ಅವ್ವಂಗೆ ಕೇಳಬ್ಯಾಡ. ಮನಿ ನೋಡು."

ಅವನು ನನ್ನ ಕಡೆ ತಿರುಗಿದ, ನಾನು ಏನಾದರೂ ಹೇಳಿ ಬಿಡಿಸುತ್ತೇನೆ ಎನ್ನುವ ಹಾಗೆ.

"ನನ್ನ ಯಾಕ ನೋಡ್ತೀರಿ? ಮಾತಾಡಾಕಿ ಅವಳು," ಎಂದೆ.

ಚಾ ಕುಡಿದ. ತಂಗಿ ಕೂಸನ್ನು ಅವನ ಕೈಗೆ ಕೊಟ್ಟಳು. ಕಾದ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡಿದ್ದು, ವಾಪಸು ಕೊಟ್ಟು ರೈಲಿಗೆ ಹೋದ. ಅವನು ಮನೆ ನೋಡುವ ಹೊತ್ತಿಗೆ ಯುಗಾದಿ ದಾಟಿತ್ತು. ಕಾರ್ಖಾನೆಯ ಹತ್ತಿರ ಒಂದೇ ಕೋಣೆ, ನೀರಿಗೆ ದೂರ ಹೋಗಬೇಕು. ಅಷ್ಟು ತಿಂಗಳು ತಂಗಿ ನನ್ನ ಮನೆಯಲ್ಲಿದ್ದಳು. ಇಬ್ಬರೂ ದಿನಕ್ಕೊಂದು ಜಗಳ ಆಡಿದೆವು. ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆ.

ಅದೇ ಊರಲ್ಲಿ ಇದ್ದರೂ ಆ ಅತ್ತೆ ಬದುಕಿರುವ ತನಕ ಇವರ ಕೋಣೆಗೆ ಕಾಲಿಡಲಿಲ್ಲ, ಇವಳನ್ನು ಬಾಗಿಲಿಗೆ ಸೇರಿಸಲಿಲ್ಲ, ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಒಂದು ಮನೆ ಒಡೆದವರು ನೀವು ಎಂದು ಜನ ನನಗೆ ಮುಖದ ಮೇಲೇ ಅಂದಿದ್ದಾರೆ. ಅನ್ನಲಿ. ಎತ್ತಿಕೊಳ್ಳಲಿಲ್ಲ ಎಂದು ಹೇಳುವುದಕ್ಕಾದರೂ ಒಂದು ಕೂಸು ಇತ್ತು.